ನೌಕರಿಯಲ್ಲಿದ್ದುಕೊಂಡು ಬರೆಯುವವರಿಗೆ ಬ್ಲಾಗರ್ ಎಷ್ಟು ಸೇಫ್?

ಬ್ಲಾಗರ್ ಅಂದರೆ ಬ್ಲಾಗ್ ಬರೆಯೋಕೆ ಗೂಗಲ್ ಕೊಡುವ ಸೇವೆ. ಅದರ ಬಗ್ಗೆ ವಿಮರ್ಶೆ ಅಂದರೆ ಥೀಮ್ ಚೆನ್ನಾಗಿದೆಯಾ, ಜಾಹೀರಾತಿನಿಂದ ದುಡ್ಡು ಬರುತ್ತಾ ಅನ್ನೋ ಮಾತೇ ಜಾಸ್ತಿ. ನಾನು ಸಂಬಳಕ್ಕೆ ದುಡಿಯುವವನು, ಬಿಡುವಿನಲ್ಲಿ ಬರೆಯುವವನು. ಹಾಗಾಗಿ ನಾನು ನೋಡೋದು ಬೇರೆ. ಇಲ್ಲಿ ಬರೆದದ್ದು ನಾಳೆ ಮ್ಯಾನೇಜರ್ ಕಣ್ಣಿಗೆ ಬಿದ್ದರೆ ನನ್ನ ಕೆಲಸ ಉಳಿಯುತ್ತಾ?

ಬ್ಲಾಗರ್ ಉಚಿತ, ಬಳಸೋದು ಸುಲಭ. ಸೆಟ್ಟಿಂಗ್ಸ್‌ಗೆ ಹೋದರೆ ಬ್ಲಾಗನ್ನು ಎಲ್ಲರಿಗೂ ತೆರೆದಿಡಬಹುದು, ಬರೆಯುವವರಿಗೆ ಮಾತ್ರ ಅಂತ ಮುಚ್ಚಿಡಬಹುದು, ಇಲ್ಲವೇ ನಾವು ಆರಿಸಿದ ಓದುಗರಿಗಷ್ಟೇ ಕಾಣುವ ಹಾಗೆ ಮಾಡಬಹುದು. ಆಫೀಸಿನ ವಿಷಯ ಒಂದು ಸಾಲಾದರೂ ಬರುತ್ತೆ ಅನ್ನೋರಿಗೆ ಈ ಮೂರನೆಯದೇ ಸರಿ. ಸರ್ಚ್ ಇಂಜಿನ್‌ಗಳಿಗೆ ಕಾಣದಂತೆ ಮಾಡುವ ಸ್ವಿಚ್ ಕೂಡ ಇದೆ. ಅದನ್ನು ಬೀಗ ಅಂದುಕೊಳ್ಳಬೇಡಿ. ಲಿಂಕ್ ಸಿಕ್ಕರೆ ಯಾರು ಬೇಕಾದರೂ ಓದಬಹುದು, ಆ ಲಿಂಕನ್ನು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕೋಕೆ ಒಬ್ಬರು ಸಾಕು.

ಫೀಡ್ ಇನ್ನೊಂದು ವಿಷಯ. ಹೊಸ ಬರಹವನ್ನು ಓದುಗರ ಫೀಡ್ ರೀಡರ್ ಅನ್ನೋ ಆ್ಯಪ್‌ಗೆ ತಾನಾಗಿ ತಲುಪಿಸುವ ವ್ಯವಸ್ಥೆ ಅದು. ಪೂರ್ತಿ ಬರಹ ಫೀಡ್‌ನಲ್ಲಿ ಹೋಗುತ್ತಿದ್ದರೆ, ನೀವು ಬೆಳಿಗ್ಗೆ ಎದ್ದು ಪೋಸ್ಟ್ ಅಳಿಸಿದರೂ ಅದರ ಪ್ರತಿ ಯಾರದೋ ಫೀಡ್ ರೀಡರ್‌ನಲ್ಲಿ ಉಳಿದಿರಬಹುದು. ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕೂಡಿಡುವ ವೇಬ್ಯಾಕ್ ಮಷಿನ್‌ನಲ್ಲೂ ಇರಬಹುದು. ಫೀಡನ್ನು ಚಿಕ್ಕದು ಮಾಡುವ ಅಥವಾ ನಿಲ್ಲಿಸುವ ಆಯ್ಕೆ ಇದೆ, ಮೊದಲ ದಿನವೇ ಮಾಡಿಬಿಡಿ.

ಹೆಸರಿನ ಕಡೆಯೂ ಹುಷಾರಾಗಿರಬೇಕು. ಬ್ಲಾಗರ್ ನಿಮ್ಮ ಗೂಗಲ್ ಖಾತೆಗೆ ಅಂಟಿಕೊಂಡಿರುತ್ತೆ. ಅದಕ್ಕೆಂದೇ ಬೇರೆ ಖಾತೆ ಮಾಡಿ, ಆಫೀಸಿನ ಇಮೇಲ್ ಅಂತೂ ಬೇಡವೇ ಬೇಡ. ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆಗಬೇಡಿ, ಅಲ್ಲಿ ಏನು ದಾಖಲಾಗುತ್ತೆ ಅಂತ ತೀರ್ಮಾನಿಸೋದು ಕಂಪನಿ. ಪೋಸ್ಟ್ ಮೇಲೆ ಸಮಯ ಬೀಳುತ್ತಲ್ವಾ, ಮಧ್ಯಾಹ್ನ ಮೂರಕ್ಕೆ ಪ್ರಕಟವಾದ ಬರಹ ನೋಡಿದವರು ಕೆಲಸದ ಹೊತ್ತಿನಲ್ಲಿ ಬರೆದಿದ್ದಾನೆ ಅಂತಲೇ ಅಂದುಕೊಳ್ಳುತ್ತಾರೆ, ನೀವು ಹಿಂದಿನ ರಾತ್ರಿಯೇ ಬರೆದು ಶೆಡ್ಯೂಲ್ ಮಾಡಿಟ್ಟಿದ್ದರೂ ಸರಿ.

ಆದರೆ ಈ ಸೆಟ್ಟಿಂಗ್‌ಗಳು ಯಾವುವೂ ಮುಟ್ಟದ ಜಾಗ ಒಂದಿದೆ, ಬರಹ. ಹೆಸರಿಲ್ಲ, ಕಂಪನಿಯ ಹೆಸರೂ ಇಲ್ಲ, ಆದರೆ 'ಮೂರನೇ ಮಹಡಿಯ ಪ್ರಿಂಟರ್ ಕೆಟ್ಟ ದಿನ ಹೊಸ ಬಾಸ್ ಮೀಟಿಂಗ್‌ನಲ್ಲಿ ಸಿಡುಕಿದರು' ಅಂತ ಬರೆದರೆ ಆ ಮೀಟಿಂಗ್‌ನಲ್ಲಿದ್ದ ಅಷ್ಟೂ ಜನಕ್ಕೆ ಗೊತ್ತಾಗುತ್ತೆ. ಅಮೆರಿಕದ ಹೀದರ್ ಆರ್ಮ್‌ಸ್ಟ್ರಾಂಗ್ 2002ರಲ್ಲಿ 'ಡೂಸ್' ಅನ್ನೋ ತಮ್ಮ ಬ್ಲಾಗಿನಲ್ಲಿ ಸಹೋದ್ಯೋಗಿಗಳ ಬಗ್ಗೆ ಬರೆದದ್ದಕ್ಕೆ ಕೆಲಸ ಕಳೆದುಕೊಂಡರು. 2005ರಲ್ಲಿ ಗೂಗಲ್‌ಗೆ ಹೊಸದಾಗಿ ಸೇರಿದ್ದ ಮಾರ್ಕ್ ಜೆನ್ ಅಲ್ಲಿನ ಅನುಭವ ಬರೆದು ಕೆಲವೇ ದಿನಗಳಲ್ಲಿ ಕೆಲಸ ಕಳೆದುಕೊಂಡರು. ಅವರು ಬರೆಯುತ್ತಿದ್ದದ್ದು ಇದೇ ಬ್ಲಾಗರ್‌ನಲ್ಲಿ, 2003ರಿಂದಲೇ ಅದು ಗೂಗಲ್‌ನದ್ದು.

ಅದಕ್ಕೇ ಬ್ಲಾಗ್ ತೆರೆಯುವ ಮುಂಚೆ ನೇಮಕಾತಿಯ ಒಪ್ಪಂದ ತೆಗೆದು ಓದಿ. ಗೋಪ್ಯತೆ, ಸೋಶಿಯಲ್ ಮೀಡಿಯಾ, ಹೊರಗಿನ ಕೆಲಸ ಇವುಗಳ ಬಗ್ಗೆ ಏನಿದೆ ನೋಡಿ. ನೀವು ಬರೆದದ್ದರ ಹಕ್ಕು ಯಾರದು ಅನ್ನೋದೂ ಕೆಲವು ಒಪ್ಪಂದಗಳಲ್ಲಿರುತ್ತೆ. ಬ್ಲಾಗಿನಲ್ಲಿ ಜಾಹೀರಾತು ಹಾಕಿದರೆ ಅದು ಹೊರಗಿನ ಆದಾಯ ಆಗುತ್ತೆ, ಅದಕ್ಕೆ ಅನುಮತಿ ಬೇಕಾಗಬಹುದು. 'ಇವು ನನ್ನ ಸ್ವಂತ ಅಭಿಪ್ರಾಯ' ಅನ್ನೋ ಸಾಲು ಇರಲಿ, ಆದರೆ ಗ್ರಾಹಕರ ವಿವರವೋ ಇನ್ನೂ ಹೊರಬರದ ಉತ್ಪನ್ನದ ಸುದ್ದಿಯೋ ಬರೆದರೆ ಆ ಸಾಲು ನಿಮ್ಮನ್ನು ಕಾಪಾಡಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅಡುಗೆ, ಓದು, ತಿರುಗಾಟ ಬರೆಯುವವರು ಧೈರ್ಯವಾಗಿ ಬಳಸಬಹುದು. ಆಫೀಸಿನ ಸಿಟ್ಟು ತೀರಿಸಿಕೊಳ್ಳೋಕೆ ಜಾಗ ಬೇಕು ಅನ್ನೋರಿಗೆ ಬ್ಲಾಗರ್ ಮಾತ್ರ ಅಲ್ಲ, ಯಾವ ಬ್ಲಾಗ್ ಸೇವೆಯನ್ನೂ ನಾನು ಹೇಳಲ್ಲ. ಒಂದು ನೋಟ್‌ಬುಕ್ ತಗೊಳ್ಳಿ, ಮನೆಯಲ್ಲೇ ಇಡಿ.