ಜುಪಿಟರ್-8, ಇಂಡಸ್ಟಾರ್-61: ದೇವರಾಜ ಮಾರ್ಕೆಟ್‌ನಲ್ಲಿ ಒಂದು ರೀಲು

ನನ್ನ ಹಳೆಯ ಸೋವಿಯತ್ ಫಿಲ್ಮ್ ಕ್ಯಾಮೆರಾ ಜೋರ್ಕಿ-4ರ ಜೊತೆಗೇ ಬಂದ ಲೆನ್ಸ್ 50 ಮಿ.ಮೀ. ಜುಪಿಟರ್-8, ಎಫ್ 2 (ಎಫ್ ಅಂಕಿ ಚಿಕ್ಕದಾದಷ್ಟೂ ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ದೊಡ್ಡದು). ಆಮೇಲೆ ಕೊಂಡದ್ದು 55 ಮಿ.ಮೀ. ಇಂಡಸ್ಟಾರ್-61 ಎಲ್‌ಡಿ, ಎಫ್ 2.8. ಎರಡೂ 39 ಮಿ.ಮೀ. ತಿರುಪಿನವು, ಒಂದೇ ಕ್ಯಾಮೆರಾಗೆ ಕೂರುತ್ತವೆ. "ಜುಪಿಟರ್ ಮುಂದೆ ಬೇರೆ ಏನೂ ಇಲ್ಲ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿ, ಒಂದು ಭಾನುವಾರ 400 ಐಎಸ್‌ಒ ವೇಗದ ಕಪ್ಪು-ಬಿಳುಪು ರೀಲು ತುಂಬಿಸಿ ಮೈಸೂರಿನ ದೇವರಾಜ ಮಾರ್ಕೆಟ್‌ಗೆ ಹೋದೆ. ಒಂದೊಂದು ನೋಟಕ್ಕೂ ಲೆನ್ಸಿಗೊಂದರಂತೆ ಎರಡೆರಡು ಫ್ರೇಮು, ಚೀಟಿಯಲ್ಲಿ ಲೆಕ್ಕ.

ಬಾಳೆಗೊನೆಗಳ ಸಾಲಿನಲ್ಲೇ ಅರ್ಧ ತೀರ್ಪು ಆಗಿಹೋಯಿತು. ಎಫ್ 5.6ರಲ್ಲಿ ಇಂಡಸ್ಟಾರ್ ಸಿಪ್ಪೆಯ ಮೇಲಿನ ಚುಕ್ಕಿ, ಹಗ್ಗದ ನಾರು ಎಲ್ಲವನ್ನೂ ಮೂಲೆಯವರೆಗೂ ಬಿಡಿಸಿಟ್ಟಿದೆ. ಒಳಗೆ ನಾಲ್ಕೇ ಗಾಜು, ಜರ್ಮನಿಯ ಜೈಸ್ ಕಂಪನಿಯ ಹಳೆಯ ಟೆಸ್ಸಾರ್ ಲೆನ್ಸಿನ ಮಾದರಿ. ಹೆಸರಿನಲ್ಲಿರುವ 'ಎಲ್' ಲ್ಯಾಂಥನಂ ಗಾಜಿನದು. ಜುಪಿಟರ್‌ನಲ್ಲಿ ನಡುಭಾಗ ಚೆನ್ನಾಗಿದೆ, ಮೂಲೆಗಳು ಇನ್ನೂ ಮೆತ್ತಗೆ. ಮೇಲಾಗಿ ಅದರ ಅಪರ್ಚರ್ ಬಳೆಗೆ ಕಟಕಟ ಅನ್ನೋ ಹಲ್ಲಿಲ್ಲ. ಬೆರಳು ತಾಗಿ ಜಾರಿ ಎರಡು ಫ್ರೇಮು ಹಾಳಾದವು.

ಜುಪಿಟರ್ ಗೆದ್ದದ್ದು ಮುಖಗಳಲ್ಲಿ. 1930ರ ದಶಕದ ಆರಂಭದಲ್ಲಿ ಲುಡ್ವಿಗ್ ಬರ್ಟೆಲೆ ಜೈಸ್‌ಗಾಗಿ ರೂಪಿಸಿದ ಸೊನ್ನಾರ್ ವಿನ್ಯಾಸವನ್ನೇ ಯುದ್ಧದ ನಂತರ ಸೋವಿಯತ್ತಿನವರು ಮುಂದುವರಿಸಿದ್ದು ಇದು. ಮಲ್ಲಿಗೆ ಮಾರುವ ಅಜ್ಜಿಯ ಕಣ್ಣಿಗೆ ಎಫ್ 2ರಲ್ಲಿ ಫೋಕಸ್ ಮಾಡಿದರೆ ಹಿಂದಿನ ಹಾರದ ರಾಶಿಯೆಲ್ಲ ಹಾಲಿನಂತೆ ಕರಗಿತು. ಎರಡನೇ ಸಲ ಲೆನ್ಸ್ ತಿರುಗಿಸುತ್ತಿದ್ದಾಗ ಅಜ್ಜಿ, "ಏನ್ ಮಗಾ, ಅದೇ ಮುಖಾನ ಎಷ್ಟ್ ಸಲ ಹೊಡೀತೀಯ?" ಅಂದರು.

ಒಂದು ಎಚ್ಚರಿಕೆ: ಗೆಳೆಯನ ಹಳೆಯ ಕ್ಯಾನನ್ ರೇಂಜ್‌ಫೈಂಡರ್ (ಜೋರ್ಕಿಯಂತೆಯೇ ಎರಡು ಬಿಂಬ ಒಂದಾಗಿಸಿ ಫೋಕಸ್ ಮಾಡುವ ಕ್ಯಾಮೆರಾ) ಮೇಲೆ ಇದೇ ಜುಪಿಟರ್ ಹಾಕಿ ಒಂದು ಮೀಟರ್ ದೂರದಿಂದ ತೆಗೆದರೆ ಕಣ್ಣು ಮಸುಕು, ವಾರೆ ತಿರುಗಿದ ಮುಖದಲ್ಲಿ ಕಿವಿಯೋಲೆ ಚೂಪು. ಕೆಟ್ಟದ್ದು ಲೆನ್ಸೂ ಅಲ್ಲ, ಕ್ಯಾಮೆರಾನೂ ಅಲ್ಲ. ಆ ಕ್ಯಾನನ್ ಜರ್ಮನಿಯ ಲೈಕಾ ಕ್ಯಾಮೆರಾದ ಅಳತೆಯದು, ಸೋವಿಯತ್ ಲೆನ್ಸಿನ ಫೋಕಸ್ ಲೆಕ್ಕವೇ ಅದಕ್ಕಿಂತ ಚೂರು ಬೇರೆ. ದೂರದ ನೋಟಕ್ಕೆ ತೊಂದರೆಯಿಲ್ಲ. ಹತ್ತಿರದಲ್ಲಿ, ಅಪರ್ಚರ್ ಪೂರ್ತಿ ತೆರೆದಾಗ ಬಯಲಾಗುತ್ತದೆ. ಜೋರ್ಕಿಯಲ್ಲಿ ಈ ಗೋಳಿಲ್ಲ.

ಸಂಜೆ ಏಳಕ್ಕೆ ಅರಮನೆ ದೀಪ. ಕೈಯಲ್ಲೇ ಹಿಡಿದು ತೆಗೆಯುವಾಗ ಜುಪಿಟರ್‌ಗೆ 1/30 ಸೆಕೆಂಡು ಸಾಕಾಯಿತು, ಕಿಂಡಿ ಚಿಕ್ಕದಾದ ಇಂಡಸ್ಟಾರ್‌ಗೆ 1/15 ಸೆಕೆಂಡು ಬೇಕಾಗಿ ಕೈ ಅಲುಗಿತು. ಆದರೆ ಜುಪಿಟರ್‌ನಲ್ಲಿ ಸಾಲುದೀಪಗಳ ಸುತ್ತ ಮಂಜು ಕವಿದಂತೆ ಬೆಳಕು ಹರಡಿದೆ, ಕಪ್ಪು ಆಕಾಶ ಬೂದಿಯಾಗಿದೆ. ಕೆಲವರಿಗೆ ಅದೇ ಚೆಂದ. ನನಗಲ್ಲ.

ಮುಂದಿನ ವಾರ ಎರಡು ಪ್ರಿಂಟನ್ನೂ ಅಜ್ಜಿಗೆ ಒಯ್ದೆ. ನಾನು ಹೆಮ್ಮೆಯಿಂದ ಜುಪಿಟರ್‌ನದನ್ನು ಮುಂದೆ ಹಿಡಿದರೆ, "ಇದ್ರಲ್ಲಿ ನನ್ ಹೂವೇ ಕಾಣಲ್ವಲ್ಲಪ್ಪ" ಅಂತ ಪಕ್ಕಕ್ಕಿಟ್ಟರು. ಇಂಡಸ್ಟಾರ್‌ನದನ್ನು ತಕ್ಕಡಿಯ ಹಿಂದಿನ ಗೋಡೆಗೆ ಸಿಕ್ಕಿಸಿಕೊಂಡರು.