ಸೆಫಾರಿಯಾ ಆ್ಯಪ್: ನಾಲ್ಕು ವರ್ಷ ಬಳಸಿದವಳ ಮಾತು

ನಾನು ಉಡುಪಿ ಕಡೆಯವಳು. ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಇಲ್ಲಿ ನಮ್ಮನ್ನು ‘ಮೆತಪೆಲೆತ್’ ಅನ್ನುತ್ತಾರೆ. ನಾನು ನೋಡಿಕೊಳ್ಳುವ ಅಜ್ಜಿಗೆ ಈಗ 89. ಹೀಬ್ರೂನಲ್ಲಿ ಅಜ್ಜಿಗೆ ‘ಸಾವ್ತಾ’, ನಾನೂ ಹಾಗೇ ಕರೆಯುತ್ತೇನೆ. ಅವರ ಕಣ್ಣು ಮಂಜಾದ ಮೇಲೆ ತೋರಾ (ಬೈಬಲ್ಲಿನ ಮೊದಲ ಐದು ಪುಸ್ತಕ, ಯೆಹೂದಿಗಳು ವಾರಕ್ಕೊಂದು ಭಾಗ ಓದುತ್ತಾರೆ) ಅದರ ಆಯಾ ವಾರದ ಭಾಗ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಶುಕ್ರವಾರ ಸಂಜೆ ಶಬ್ಬಾತ್, ಅಂದರೆ ಯೆಹೂದಿಗಳ ವಾರದ ವಿಶ್ರಾಂತಿ ದಿನ, ಶುರುವಾದರೆ ಅವರು ಫೋನ್ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಗುರುವಾರ ರಾತ್ರಿ, ಮಾತ್ರೆ ಕೊಟ್ಟ ಮೇಲೆ, ನಮ್ಮ ಓದು.

ಮೊದಲು ಬೇರೆ ಒಂದು ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಿದ್ದೆ. ಹೆಸರು ಬೇಡ. ದಿನಕ್ಕೊಂದು ನೀತಿವಾಕ್ಯ ಕಳಿಸುತ್ತಿತ್ತು, ಅಷ್ಟೇ. ಬೇಡ ಅಂದ ಮೇಲೂ ಎರಡು ತಿಂಗಳು ದುಡ್ಡು ಕತ್ತರಿಸಿತು. ಸೆಫಾರಿಯಾ ಯೆಹೂದಿ ಧರ್ಮಗ್ರಂಥಗಳನ್ನು ಓದುವ ಆ್ಯಪ್. ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ದೇಣಿಗೆಯಿಂದ ನಡೆಯುವ ಸಂಸ್ಥೆ ಅದು. 2011ರಲ್ಲಿ ಜೋಶುವಾ ಫೋಯರ್ ಮತ್ತು ಬ್ರೆಟ್ ಲಾಕ್‌ಸ್ಪೈಸರ್ ಶುರು ಮಾಡಿದ್ದು.

ವಾರದ ಭಾಗ ಯಾವುದು ಅಂತ ಹುಡುಕಬೇಕಿಲ್ಲ, ತಾನೇ ತೋರಿಸುತ್ತದೆ. ಯಾವುದೇ ವಾಕ್ಯ ಒತ್ತಿದರೆ ಅದಕ್ಕೆ ಯಾರು ಯಾರು ವ್ಯಾಖ್ಯಾನ ಬರೆದಿದ್ದಾರೆ ಅಂತ ಪಟ್ಟಿ ತೆರೆಯುತ್ತದೆ. ರಾಶಿ, ಇಬ್ನ್ ಎಜ್ರಾ, ರಂಬಾನ್ (ಮೂವರೂ ಮಧ್ಯಯುಗದ ಯೆಹೂದಿ ಪಂಡಿತರು), ಮಿದ್ರಾಶ್ (ಹಳೇ ಧರ್ಮಗುರುಗಳ ವಿವರಣೆಗಳು), ತಾಲ್ಮುದ್ (ಅವರ ಚರ್ಚೆಗಳ ದೊಡ್ಡ ಗ್ರಂಥ). ಮನೆಯಲ್ಲಿರುವ ಹಳೇ ಪುಸ್ತಕದಲ್ಲಿ ರಾಶಿಯ ಮಾತು ಬೇರೆಯೇ ಲಿಪಿಯಲ್ಲಿದೆ. ನನಗದು ಇರುವೆ ಸಾಲು. ಆ್ಯಪ್‌ನಲ್ಲಿ ಮಾಮೂಲಿ ಹೀಬ್ರೂ ಅಕ್ಷರ, ಪಕ್ಕದಲ್ಲೇ ಇಂಗ್ಲಿಷ್.

ಶವುವೋತ್ ಅನ್ನುವ ಯೆಹೂದಿ ಹಬ್ಬಕ್ಕೆ ಬೈಬಲ್ಲಿನ ರೂತಳ ಪುಸ್ತಕ ಓದುತ್ತಾರೆ. ಕತೆ ನನಗೆ ಚಿಕ್ಕಂದಿನಿಂದ ಗೊತ್ತು, ನಮ್ಮ ಇಗರ್ಜಿಯಲ್ಲಿ ಕೇಳಿದ್ದೇ. ವಿಧವೆ ಸೊಸೆ, ಬೇರೆ ದೇಶದವಳು, ಅತ್ತೆಯ ಕೈ ಬಿಡದೆ ಬಂದು ಬೋವಜ ಅನ್ನುವವನ ಹೊಲದಲ್ಲಿ ತೆನೆ ಆಯುತ್ತಾಳೆ. ಅವನು ದಯೆ ತೋರಿಸಿದಾಗ ಕೇಳುತ್ತಾಳೆ: ಪರದೇಶಿಯಾದ ನನ್ನನ್ನು ನೀನು ಗುರುತಿಸಿದ್ದು ಯಾಕೆ? ಹೀಬ್ರೂನಲ್ಲಿ ‘ಲೆಹಕ್ಕಿರೇನಿ ವೆಅನೋಖಿ ನೊಖ್ರಿಯಾ’. ಸಾವ್ತಾ ಅಲ್ಲೇ ತಡೆದರು. “ಇನ್ನೊಂದ್ಸಲ ಹೇಳು. ಕಿವಿಗೆ ಏನು ಬಿತ್ತು?” ಮೂರು ಸಲ ಹೇಳಿದ ಮೇಲೆ ಹೊಳೆಯಿತು. ಗುರುತಿಸುವುದು, ಪರದೇಶಿ, ಎರಡಕ್ಕೂ ಅವೇ ಮೂರು ಅಕ್ಷರ: ನೂನ್, ಕಾಫ್, ರೇಶ್. ಇಂಗ್ಲಿಷ್ ಅನುವಾದದಲ್ಲಿ ಇದು ಕಾಣುವುದೇ ಇಲ್ಲ. ಕನ್ನಡದಲ್ಲಿ ಪರದೇಶಿ ಅಂದರೆ ದಿಕ್ಕಿಲ್ಲದವಳು ಅಂತಲೂ ಆಗುತ್ತೆ ಅಂದೆ. ಸಾವ್ತಾ ಸುಮ್ಮನೆ ಕೂತರು.

ಅದೇ ರಾತ್ರಿ ರೂತ್ ರಬ್ಬಾ, ಅಂದರೆ ರೂತಳ ಪುಸ್ತಕದ ಮೇಲಿನ ಮಿದ್ರಾಶ್, ತೆರೆದೆ. ರಬ್ಬಿ (ಯೆಹೂದಿ ಧರ್ಮಗುರು) ಝೇರಾ ಅನ್ನುವವರ ಮಾತಿದೆ ಅದರಲ್ಲಿ: ಈ ಪುಸ್ತಕದಲ್ಲಿ ಮಡಿ ಮೈಲಿಗೆ ಇಲ್ಲ, ಇದು ಮಾಡು, ಅದು ಮಾಡಬೇಡ ಅಂತಲೂ ಇಲ್ಲ. ಮತ್ಯಾಕೆ ಬರೆದರು? ಇನ್ನೊಬ್ಬರಿಗೆ ಉಪಕಾರ ಮಾಡಿದವರಿಗೆ ಎಂಥ ಫಲ ಸಿಗುತ್ತದೆ ಅಂತ ತಿಳಿಸುವುದಕ್ಕೆ. “ನನ್ನ ಮಗನಿಗೂ ಇದನ್ನ ಓದಿ ಹೇಳು, ಸಂಬಳ ಜಾಸ್ತಿ ಮಾಡಲಿ,” ಅಂದರು ಸಾವ್ತಾ. (ಮಾಡಲಿಲ್ಲ.)

ಯೋಮ್ ಕಿಪ್ಪೂರ್ (ಯೆಹೂದಿಗಳ ಪ್ರಾಯಶ್ಚಿತ್ತದ ದಿನ) ಮಧ್ಯಾಹ್ನ ಓದುವ ಯೋನನ ಪುಸ್ತಕ ಮುಗಿಯುವುದು ಒಂದು ಪ್ರಶ್ನೆಯಲ್ಲಿ, ಅದೂ ನಿನೆವೆ ಪಟ್ಟಣದ ದನಕರುಗಳ ಮಾತೆತ್ತಿ. ಎಸ್ತೇರಳ ಪುಸ್ತಕದಲ್ಲಿ ದೇವರ ಹೆಸರೇ ಇಲ್ಲ. ಇಂಥವು ಎಷ್ಟೋ ಸಿಕ್ಕಿವೆ. ನನಗೆ ಹಿಡಿಸಿದ್ದು ಆದಿಕಾಂಡದ 18ನೇ ಅಧ್ಯಾಯ. ಅಬ್ರಹಾಮನಿಗೆ ದೇವರು ಕಾಣಿಸಿಕೊಂಡದ್ದು ಯಾಕೆ? ಸುನ್ನತಿಯಾಗಿ ಮೂರನೇ ದಿನ, ನೋವಲ್ಲಿದ್ದ, ಹೇಗಿದ್ದೀಯ ಅಂತ ವಿಚಾರಿಸಲು ಬಂದ ಅನ್ನುತ್ತಾನೆ ರಾಶಿ. ದಿನಾ ಬೆಳಿಗ್ಗೆ ನಾನು ಮಾಡುವುದೂ ಅದೇ ಅಲ್ವಾ?

ಆ್ಯಪ್‌ನಲ್ಲಿ ಕನ್ನಡ ಇಲ್ಲ. ಹೀಬ್ರೂ ಅಥವಾ ಇಂಗ್ಲಿಷ್ ಬರಲೇಬೇಕು. ನಾನು ಪಕ್ಕದಲ್ಲಿ ಕನ್ನಡ ಬೈಬಲ್ ಇಟ್ಟುಕೊಳ್ಳುತ್ತೇನೆ. ಎಲ್ಲ ವ್ಯಾಖ್ಯಾನಕ್ಕೂ ಕೈ ಹಾಕಬೇಡಿ, ನಾನು ಹಾಗೆ ಮಾಡಿ ಒಂದು ತಿಂಗಳು ಹಾಳು ಮಾಡಿಕೊಂಡೆ. ರಾಶಿ ಒಬ್ಬರನ್ನು ಹಿಡಿಯಿರಿ. ಸಣ್ಣ ಸಣ್ಣ ಮಾತು, ಪ್ರತಿ ಮಾತಿನ ಹಿಂದೆ ಒಂದು ಪ್ರಶ್ನೆ. ಆ ಪ್ರಶ್ನೆ ಏನು ಅಂತ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಕೇಳುವುದಕ್ಕೆ ಒಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಈ ಸಲ ಶವುವೋತ್‌ಗೆ ಗಾಲಿಕುರ್ಚಿ ತಳ್ಳಿಕೊಂಡು ಸಿನಗಾಗ್‌ಗೆ, ಯೆಹೂದಿಗಳ ಪ್ರಾರ್ಥನಾಮಂದಿರಕ್ಕೆ, ಹೋಗಿದ್ದೆವು. ಹೆಂಗಸರ ಕಡೆ ಕೊನೇ ಸಾಲು. ‘ನೊಖ್ರಿಯಾ’ ಬಂದಾಗ ಸಾವ್ತಾ ತಿರುಗಿ ನೋಡಲಿಲ್ಲ. ಕೈ ಹಿಂದೆ ಚಾಚಿ ನನ್ನ ಮಣಿಕಟ್ಟು ಮೆಲ್ಲಗೆ ಚಿವುಟಿದರು.