ಬ್ಯಾಂಡ್‌ಕ್ಯಾಂಪ್: ಕಲಬುರಗಿಯ ಕೇಳುಗನೊಬ್ಬನ ಬಹುಕಾಲದ ಬಳಕೆಯ ನಂತರ

ಸಿನಿಮಾ ಹಾಡುಗಳ ಆಚೆಗೆ, ತಾವೇ ಬರೆದು, ತಾವೇ ರಾಗ ಹಾಕಿ, ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡುವ ಬ್ಯಾಂಡ್‌ಗಳನ್ನು ಹುಡುಕಿ ಕೇಳಬೇಕೆನ್ನುವವರಿಗೆ ಕಲಬುರಗಿ ಅನುಕೂಲದ ಊರಲ್ಲ. ಹಾಗೆಂದು ಇಲ್ಲಿ ಸಂಗೀತಕ್ಕೆ ಬರವೇನೂ ಇಲ್ಲ. ಖ್ವಾಜಾ ಬಂದೇನವಾಜ್ ದರ್ಗಾದ ಉರುಸಿಗೆ ಕವ್ವಾಲಿ ಇದೆ; ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ, ದಮ್ಮಡಿ ಹಿಡಿದು ಬೆಳಗಿನವರೆಗೆ ಹಾಡುವ ಭಜನಾ ಮೇಳಗಳು ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಇವೆ. ಆದರೆ ಗಿಟಾರು, ಡ್ರಮ್ಸ್ ಹೊತ್ತು ಊರೂರು ತಿರುಗುವ ಸ್ವತಂತ್ರ ಬ್ಯಾಂಡ್‌ಗಳು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಹಾಡಿ ಹೋಗುತ್ತವೆಯೇ ಹೊರತು ನಮ್ಮಲ್ಲಿ ಇಳಿಯುವುದಿಲ್ಲ. ಅಂಥವರನ್ನು ವೇದಿಕೆಯ ಮುಂದೆ ನಿಂತು ಕೇಳುವುದು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ ಒದಗುವ ಭಾಗ್ಯ. ಉಳಿದ ದಿನಗಳಲ್ಲಿ ಆ ಸಂಗೀತದ ಸಂಪರ್ಕ ಕಡಿಯದಂತೆ ಉಳಿಸಿಕೊಳ್ಳಲು ನಾನು ಹಲವು ವರ್ಷಗಳಿಂದ ಬಳಸುತ್ತಿರುವುದು ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣವನ್ನು ಮತ್ತು ಅದರ ಆ್ಯಪನ್ನು. ಹಾಡು ಕೇಳುವ ಯಂತ್ರವಾಗಿ ಅದು ಸಾಧಾರಣ, ಸಂಗೀತ ಉತ್ಸವಕ್ಕೆ ಹೋಗುವ ಮುನ್ನ ಮಾಡಿಕೊಳ್ಳಬೇಕಾದ ತಯಾರಿಗೆ ಅದಕ್ಕೆ ಸಮನಾದದ್ದು ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಬ್ಯಾಂಡ್‌ಕ್ಯಾಂಪ್ 2008ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಯಿತು. ಕಲಾವಿದರು ತಮ್ಮ ಪುಟವನ್ನು ತಾವೇ ತೆರೆದು, ಆಲ್ಬಮ್‌ಗೆ ತಾವೇ ಬೆಲೆ ಕಟ್ಟಿ ಮಾರುತ್ತಾರೆ. ಡಿಜಿಟಲ್ ಮಾರಾಟದಲ್ಲಿ ತಾಣ ಶೇಕಡ 15ರಷ್ಟನ್ನು, ಟೀಶರ್ಟು, ಸಿಡಿ, ವಿನೈಲ್ ತಟ್ಟೆಗಳಂಥ ವಸ್ತುಗಳಲ್ಲಿ ಶೇಕಡ 10ರಷ್ಟನ್ನು ಇಟ್ಟುಕೊಳ್ಳುತ್ತದೆ. ಹಣ ಪಾವತಿಯ ಶುಲ್ಕ ಕಳೆದು ಉಳಿದದ್ದು ಕಲಾವಿದರಿಗೆ ಸೇರುತ್ತದೆ. ತಿಂಗಳ ಚಂದಾ ಕಟ್ಟಿ ಕೇಳುವ ಸೇವೆಗಳೊಂದಿಗೆ ಹೋಲಿಸಿದಾಗ ಈ ಲೆಕ್ಕದ ಬೆಲೆ ತಿಳಿಯುತ್ತದೆ. ಸ್ಪಾಟಿಫೈ 2024ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಬಾರಿಯಾದರೂ ಕೇಳಿಸಿಕೊಳ್ಳದ ಹಾಡಿಗೆ ರಾಯಧನವೇ ಇಲ್ಲ. ಹೊಸದಾಗಿ ಹಾಡತೊಡಗಿದ ಒಂದು ಬ್ಯಾಂಡ್‌ನ ಎಷ್ಟೋ ಹಾಡುಗಳು ಆ ಗೆರೆಯ ಕೆಳಗೇ ಉಳಿದುಬಿಡುವ ಸಾಧ್ಯತೆ ಇದೆ. ಇಲ್ಲಿ ಒಬ್ಬನೇ ಒಬ್ಬ ಕೇಳುಗ ಆಲ್ಬಮ್ ಕೊಂಡರೂ ಅದರ ಬಹುಪಾಲು ಹಣ ಅವರ ಕೈಗೆ ಹೋಗುತ್ತದೆ.

ಹೊಸಬರನ್ನು ಹುಡುಕುವ ಬಗೆಯೇ ಈ ತಾಣದ ನಿಜವಾದ ಸೊಗಸು. ಪ್ರತಿ ಆಲ್ಬಮ್‌ನ ಪುಟದಲ್ಲಿ, ಅದನ್ನು ಕೊಂಡವರ ಪುಟ್ಟ ಚಿತ್ರಗಳು ಸಾಲಾಗಿ ಕಾಣುತ್ತವೆ. ಕೆಲವರು ತಮಗೆ ಮೆಚ್ಚಿಗೆಯಾದ ಹಾಡನ್ನು ಗುರುತಿಸಿ ಒಂದೆರಡು ಸಾಲು ಬರೆದಿರುತ್ತಾರೆ. ಆ ಚಿತ್ರವನ್ನು ಒತ್ತಿದರೆ ಆ ವ್ಯಕ್ತಿ ಇದುವರೆಗೆ ಕೊಂಡ ಸಂಗ್ರಹವೆಲ್ಲ ತೆರೆದುಕೊಳ್ಳುತ್ತದೆ. ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಎಂಬ ಬ್ಯಾಂಡ್‌ನ ಪುಟದಿಂದ ಹೊರಟು, ಅದೇ ಬ್ಯಾಂಡ್‌ನ ಗಾಯಕ ಸೂರ್ಯಕಾಂತ್ ಸಾಹ್ನಿ ಲಿಫಾಫಾ ಎಂಬ ಹೆಸರಿನಲ್ಲಿ ಮಾಡಿರುವ ಹಿಂದಿ ಇಲೆಕ್ಟ್ರಾನಿಕ್ ಸಂಗೀತಕ್ಕೆ, ಅಲ್ಲಿಂದ ಚೆನ್ನೈನ ಎಫ್‌ಸಿಕ್ಸ್‌ಟೀನ್ಸ್ ಬ್ಯಾಂಡ್‌ಗೆ, ಅಲ್ಲಿಂದ ವಾರೆನ್ ಮೆಂಡೋನ್ಸಾ ಅವರ ಬ್ಲ್ಯಾಕ್‌ಸ್ಟ್ರ್ಯಾಟ್‌ಬ್ಲೂಸ್‌ನ ಮಾತಿಲ್ಲದ ಗಿಟಾರು ಸಂಗೀತಕ್ಕೆ ಒಂದೇ ಸಂಜೆಯಲ್ಲಿ ಹೋಗಿಬಿಡಬಹುದು. ಯಂತ್ರ ಲೆಕ್ಕ ಹಾಕಿ ಮುಂದಿಡುವ ಶಿಫಾರಸಿಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ದಾರಿ ತೋರಿಸುವವನು ಕಿಸೆಯಿಂದ ಹಣ ಕೊಟ್ಟವನು. ಆದ್ದರಿಂದ ಅವನ ಅಭಿರುಚಿಯ ಮೇಲೆ ನನಗೆ ಸ್ವಲ್ಪ ಹೆಚ್ಚು ನಂಬಿಕೆ.

ನಮ್ಮ ಊರಿನ ಕಿವಿಗೆ ಬೆಂಗಳೂರಿನ ಪರ್ವಾಜ್ ಬ್ಯಾಂಡ್ ಬೇಗ ಒಗ್ಗುತ್ತದೆ ಎಂಬುದನ್ನು ನಾನು ಗಮನಿಸಿದ್ದೇನೆ. ಅವರ ಹಾಡುಗಳು ಉರ್ದು ಮತ್ತು ಕಾಶ್ಮೀರಿಯಲ್ಲಿವೆ. ದಖ್ಖನಿ ಉರ್ದುವನ್ನು ಸಂತೆಯಲ್ಲಿ, ಆಟೋದಲ್ಲಿ ದಿನವೂ ಕೇಳುವ ಕಲಬುರಗಿಯವರಿಗೆ ಆ ಉರ್ದು ಪೂರ್ತಿ ಅರ್ಥವಾಗದಿದ್ದರೂ ಅದರ ಲಯ ಪರಕೀಯವೆನಿಸುವುದಿಲ್ಲ. ನಿಧಾನವಾಗಿ ಏರುತ್ತ ಹೋಗಿ, ಗಾಯಕನ ದನಿ ಒಂದೇ ಮಾತನ್ನು ಮತ್ತೆ ಮತ್ತೆ ಹಿಡಿದು ಎಳೆಯುವಾಗ, ದರ್ಗಾದ ಅಂಗಳದಲ್ಲಿ ಕವ್ವಾಲಿ ಕೇಳಿ ಬೆಳೆದ ನನ್ನ ಗೆಳೆಯನೊಬ್ಬ, ವಿದ್ಯುತ್ ಗಿಟಾರಿನ ಗದ್ದಲವೆಂದರೆ ಮೂಗು ಮುರಿಯುವವನು, ಹಾಡು ಮುಗಿಯುವವರೆಗೆ ಮಿಸುಕಾಡದೆ ಕುಳಿತಿದ್ದ.

ಇಷ್ಟು ಹೊಗಳಿದ ಮೇಲೆ ಕೊರತೆಯನ್ನೂ ಹೇಳಲೇಬೇಕು. ಕನ್ನಡದ ಸ್ವತಂತ್ರ ಸಂಗೀತವನ್ನು ಹುಡುಕಿಕೊಂಡು ಹೋದರೆ ಬ್ಯಾಂಡ್‌ಕ್ಯಾಂಪ್ ಬಡವಾಗಿ ಕಾಣುತ್ತದೆ. ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಹೊಂದಿಸಿ ಹಾಡಿದ ರಘು ದೀಕ್ಷಿತ್, ಮೈಸೂರಿನಲ್ಲಿ 2002ರಲ್ಲಿ ಹುಟ್ಟಿಕೊಂಡ ಸ್ವರಾತ್ಮ ಇಂಥವರ ಬಗ್ಗೆ ನಮ್ಮಲ್ಲಿ ಬಹುಪಾಲು ಜನ ತಿಳಿದದ್ದು ಟಿವಿಯಿಂದ, ಯೂಟ್ಯೂಬ್‌ನಿಂದ, ಕಾಲೇಜಿನ ಕಾರ್ಯಕ್ರಮಗಳಿಂದ. ಈ ತಾಣದಿಂದ ಅಲ್ಲ. ಗುರುತುಚೀಟಿಗಳನ್ನು, ಅಂದರೆ ಟ್ಯಾಗ್‌ಗಳನ್ನು, ಕಲಾವಿದರೇ ತಮಗೆ ತೋಚಿದಂತೆ ಹಾಕುವುದರಿಂದ ಬ್ಯಾಂಗಲೋರ್ ಎಂದು ಹುಡುಕಿದಾಗ ಸಿಕ್ಕವರು ಬೆಂಗಳೂರು ಎಂದಾಗ ಸಿಗದೇ ಹೋಗಬಹುದು. ಉತ್ತರ ಕರ್ನಾಟಕದ ಬ್ಯಾಂಡ್‌ಗಳಿಗಾಗಿ ಹುಡುಕುವ ಕೆಲಸವನ್ನಂತೂ ನಾನು ಕೈಬಿಟ್ಟಿದ್ದೇನೆ. ಧಾರವಾಡದಲ್ಲೋ ಕಲಬುರಗಿಯಲ್ಲೋ ಹುಡುಗರು ಹಾಡು ಮಾಡಿದರೆ ಅದು ಮೊದಲು ಸೇರುವುದು ಇನ್‌ಸ್ಟಾಗ್ರಾಂಗೆ. ಅಲ್ಲಿಗೇ ಹೋಗಿ ಕೇಳಬೇಕು.

ಕೊಳ್ಳದೆಯೂ ಕೇಳಬಹುದು. ಹೆಚ್ಚಿನ ಆಲ್ಬಮ್‌ಗಳು ಪೂರ್ತಿಯಾಗಿ ತೆರೆದೇ ಇರುತ್ತವೆ. ಕಲಾವಿದರು ಮಿತಿ ಇಟ್ಟಿದ್ದರೆ, ಒಂದೇ ಹಾಡನ್ನು ಕೆಲವು ಸಲ ಕೇಳಿದ ಮೇಲೆ ಇನ್ನಾದರೂ ಕೊಂಡುಕೊಳ್ಳಿ ಎಂಬ ಮನವಿ ಎದುರಾಗುತ್ತದೆ. ಈ ಮಿತಿ ನನಗೆ ಒಳ್ಳೆಯದೇ ಅನ್ನಿಸಿದೆ. ನಿಜವಾಗಿಯೂ ಬೇಕಾದ ಆಲ್ಬಮ್ ಯಾವುದು, ಹಿನ್ನೆಲೆಯಲ್ಲಿ ಸುಮ್ಮನೆ ಹರಿಯುತ್ತಿದ್ದದ್ದು ಯಾವುದು ಎಂಬುದನ್ನು ಅಲ್ಲಿ ನಿಂತು ತೀರ್ಮಾನಿಸಬೇಕಾಗುತ್ತದೆ.

ಒಮ್ಮೆ ಕೊಂಡರೆ ಕಡತ ನಮ್ಮದು. ಎಂಪಿ3ಯಿಂದ ಹಿಡಿದು, ಧ್ವನಿಯ ಗುಣ ಕುಗ್ಗದ ಫ್ಲ್ಯಾಕ್‌ವರೆಗೆ ಬೇಕಾದ ರೂಪದಲ್ಲಿ ಇಳಿಸಿಕೊಳ್ಳಬಹುದು. ಫೋನು ಬದಲಾದರೆ ಮತ್ತೆ ಇಳಿಸಿಕೊಳ್ಳಬಹುದು. ನಾಲ್ಕು ನಿಮಿಷದ ಒಂದು ಹಾಡು 320 ಕೆಬಿಪಿಎಸ್ ಎಂಪಿ3ಯಲ್ಲಿ ಸುಮಾರು 10 ಎಂಬಿ, ಫ್ಲ್ಯಾಕ್‌ನಲ್ಲಿ 25ರಿಂದ 30 ಎಂಬಿ ಹಿಡಿಯುತ್ತದೆ. ಮನೆಯಲ್ಲಿ ಒಳ್ಳೆಯ ಸ್ಪೀಕರ್ ಇದ್ದವರು ಫ್ಲ್ಯಾಕ್ ಇಳಿಸಿಕೊಳ್ಳಲಿ, ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳುವವರಿಗೆ ಎಂಪಿ3 ಸಾಕು. ಯಾದಗಿರಿಯ ಕಡೆ ಹೋಗುವಾಗ ನಡುವೆ ಸಿಗ್ನಲ್ ಕೈಕೊಡುವ ಜಾಗಗಳಿವೆ, ಮೇ ತಿಂಗಳಲ್ಲಿ ಮಧ್ಯಾಹ್ನ ಕರೆಂಟು ಹೋಗಿ ವೈಫೈ ಸತ್ತುಹೋಗುತ್ತದೆ. ಅಂಥ ಹೊತ್ತಿನಲ್ಲಿ ಮೆಮೊರಿ ಕಾರ್ಡಿನಲ್ಲಿರುವ ಹಾಡು ಯಾರ ಅಪ್ಪಣೆಯನ್ನೂ ಕೇಳದೆ ನುಡಿಯುತ್ತದೆ.

ಇನ್ನು ಉತ್ಸವದ ವಿಷಯಕ್ಕೆ ಬರುತ್ತೇನೆ. ಮುಂಬೈ–ಬೆಂಗಳೂರು ಉದ್ಯಾನ್ ಎಕ್ಸ್‌ಪ್ರೆಸ್ ನಮ್ಮ ನಿಲ್ದಾಣದ ಮೇಲೆಯೇ ಹಾಯುವುದರಿಂದ ಕಲಬುರಗಿಯವರಿಗೆ ಒಂದು ಕಡೆ ಪುಣೆ, ಇನ್ನೊಂದು ಕಡೆ ಬೆಂಗಳೂರು. ರೈಲಿನಲ್ಲಿ ಪುಣೆ ಸುಮಾರು 375 ಕಿಲೋಮೀಟರ್ ಮಾತ್ರ. ರಾಜಧಾನಿಗಿಂತ ಅದೇ ಹತ್ತಿರ. 2010ರಲ್ಲಿ ಎನ್‌ಎಚ್7 ವೀಕೆಂಡರ್ ಉತ್ಸವ ಶುರುವಾದದ್ದೂ ಪುಣೆಯಲ್ಲೇ. ಒಂದೇ ಮೈದಾನದಲ್ಲಿ ಹಲವು ವೇದಿಕೆ ಹಾಕಿ, ಮಧ್ಯಾಹ್ನದಿಂದ ರಾತ್ರಿಯವರೆಗೆ ಒಟ್ಟೊಟ್ಟಿಗೆ ಹಾಡಿಸುವ ಪದ್ಧತಿ ನಮ್ಮ ದೇಶದಲ್ಲಿ ಜನಪ್ರಿಯವಾದದ್ದರಲ್ಲಿ ಅದರ ಪಾಲು ದೊಡ್ಡದು. ಅರುಣಾಚಲದ ಜೀರೋ ಕಣಿವೆಯ ಉತ್ಸವ 2012ರಲ್ಲಿ ಆರಂಭವಾಯಿತು. 2023ರಿಂದ ಮುಂಬೈಗೆ ಲೋಲಾಪಲೂಜಾ ಕೂಡ ಬಂದಿದೆ. ಇಂಥ ಉತ್ಸವಗಳ ಭಿತ್ತಿಪತ್ರದಲ್ಲಿ ಮೇಲಿನ ದಪ್ಪಕ್ಷರದ ಹೆಸರುಗಳು ಎಲ್ಲರಿಗೂ ಗೊತ್ತಿರುತ್ತವೆ. ಕೆಳಗೆ, ಕಣ್ಣು ಕಿರಿದು ಮಾಡಿ ಓದಬೇಕಾದ ಸಾಲುಗಳಲ್ಲಿ ಇರುವವರೇ ಸ್ವತಂತ್ರ ಬ್ಯಾಂಡ್‌ಗಳು.

ನನ್ನ ಪದ್ಧತಿ ಸರಳ. ಪಟ್ಟಿ ಹೊರಬಿದ್ದ ದಿನ ಕೆಳಗಿನ ಸಾಲಿನಿಂದ ಆರಂಭಿಸಿ ಒಂದೊಂದೇ ಹೆಸರನ್ನು ಬ್ಯಾಂಡ್‌ಕ್ಯಾಂಪ್‌ನಲ್ಲಿ ಹುಡುಕುತ್ತೇನೆ, ಸಿಕ್ಕವರನ್ನು ಬಯಕೆಪಟ್ಟಿಗೆ ಸೇರಿಸುತ್ತೇನೆ, ರಾತ್ರಿ ಊಟವಾದ ಮೇಲೆ ದಿನಕ್ಕೊಬ್ಬರಂತೆ ಕೇಳುತ್ತೇನೆ. ಹೊರಡುವ ಹೊತ್ತಿಗೆ ಐದಾರು ಬ್ಯಾಂಡ್‌ಗಳ ಹಾಡುಗಳು ಬಾಯಿಗೆ ಬಂದಿರುತ್ತವೆ. ಇದರ ಫಲ ಕಾಣುವುದು ಮಧ್ಯಾಹ್ನದ ಬಿಸಿಲಿನಲ್ಲಿ, ಸಣ್ಣ ವೇದಿಕೆಯ ಮುಂದೆ. ಪುಣೆಯ ಒಂದು ಉತ್ಸವದಲ್ಲಿ ನಾನು ಕಂಡ ದೃಶ್ಯ ಹೀಗಿತ್ತು: ನೆರಳು ಹುಡುಕಿಕೊಂಡು ಬಂದವರೂ ಸೇರಿ ಐವತ್ತು ಜನ ಇರಬಹುದು, ಡ್ರಮ್ಸ್ ನುಡಿಸುವ ಹುಡುಗಿ ತಾನೇ ಬಗ್ಗಿ ಸ್ಟ್ಯಾಂಡಿನ ತಿರುಪು ಬಿಗಿಸುತ್ತಿದ್ದಳು, ಬೇಸ್ ಗಿಟಾರಿನವನು ಸದ್ದು ಸರಿನೋಡಲು ನಾಲ್ಕು ಸ್ವರ ಮೀಟಿದ. ಆ ನಾಲ್ಕು ಸ್ವರಕ್ಕೇ ಹಾಡು ಯಾವುದೆಂದು ತಿಳಿದು ಮುಂದಿದ್ದ ಕೆಲವರು ಕೂಗಿದೆವು. ಅವನು ತಲೆಯೆತ್ತಿ ನೋಡಿ ನಕ್ಕು, ಸದ್ದು ನೋಡುವುದನ್ನು ಬಿಟ್ಟು ಅದೇ ಹಾಡನ್ನು ಅರ್ಧ ನುಡಿಸಿಯೇಬಿಟ್ಟ. ಧ್ವನಿಮುದ್ರಣದಲ್ಲಿ ನಾಲ್ಕು ನಿಮಿಷಕ್ಕೆ ಮುಗಿಯುವ ಆ ಹಾಡು ಕಾರ್ಯಕ್ರಮದಲ್ಲಿ ಹತ್ತು ನಿಮಿಷದವರೆಗೆ ಬೆಳೆಯಿತು, ಕೊನೆಯಲ್ಲಿ ಮಾತೇ ಇಲ್ಲದ ಭಾಗವೊಂದು ಹೊಸದಾಗಿ ಸೇರಿಕೊಂಡಿತು. ಮೂಲವನ್ನು ಕೇಳಿರದಿದ್ದರೆ ಯಾವುದು ಹೊಸದು, ಯಾವುದು ಬದಲಾಯಿತು ಎಂಬುದೇ ತಿಳಿಯುತ್ತಿರಲಿಲ್ಲ. ಹಿಂದೂಸ್ತಾನಿ ಸಂಗೀತದಲ್ಲಿ ಬಂದಿಶ್, ಅಂದರೆ ಮೂಲ ರಚನೆ, ಗೊತ್ತಿರುವ ಕೇಳುಗನಿಗೆ ಗಾಯಕನ ವಿಸ್ತಾರ ಹೇಗೆ ರುಚಿಸುತ್ತದೋ ಇದೂ ಹಾಗೆಯೇ.

ಉತ್ಸವಕ್ಕೆ ಹೊಸದಾಗಿ ಹೋಗುವವರಿಗೆ ಎರಡು ಮಾತು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ, ವರ್ಷದಲ್ಲಿ ಕೆಲವು ದಿನ ಮಾತ್ರ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಭಜನೆಯಂತೆ ಬೆಳಗಿನವರೆಗೆ ನಡೆದೀತೆಂದು ತಡವಾಗಿ ಹೋದವರಿಗೆ ಸಿಗುವುದು ಖಾಲಿ ವೇದಿಕೆ. ಮಧ್ಯಾಹ್ನವೇ ಒಳಗೆ ಹೋಗಬೇಕು. ಎರಡನೆಯದು ಕಿವಿಯ ವಿಷಯ. ಇಂಥ ಜಾಗಗಳಲ್ಲಿ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ, ಅದು ಕೂಡ ಸಣ್ಣ ಸದ್ದಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಇಯರ್‌ಪ್ಲಗ್ ಹಾಕಿಕೊಂಡರೆ ಸಂಗೀತವೇನೂ ಹಾಳಾಗುವುದಿಲ್ಲ. ಒಂದು ಉತ್ಸವದಲ್ಲಿ ನೀರಿನ ಬಾಟಲಿಯನ್ನು ಬಾಗಿಲಲ್ಲೇ ಕಿತ್ತುಕೊಂಡು, ಒಳಗೆ ಅದೇ ನೀರನ್ನು ಮೂರು ಪಟ್ಟು ಬೆಲೆಗೆ ಮಾರಿದರು; ಅದರ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಹಣ ಕಟ್ಟುವ ಹಂತ ನಮ್ಮವರಿಗೆ ಕಿರಿಕಿರಿಯದು. ಚಹಾದಂಗಡಿಯಲ್ಲೂ ಸ್ಕ್ಯಾನ್ ಮಾಡಿ ಅಭ್ಯಾಸವಾದ ನಮಗೆ ಇಲ್ಲಿ ಕಾರ್ಡು ಅಥವಾ ಪೇಪಾಲ್ ಬೇಕು. ರಿಸರ್ವ್ ಬ್ಯಾಂಕಿನ 2020ರ ಆದೇಶದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆ್ಯಪಿಗೆ ಹೋಗಿ ಅದನ್ನು ತೆರೆಯಬೇಕು, ಕೊಂಡ ಮೇಲೆ ಮುಚ್ಚುವುದು ಕ್ಷೇಮ. ಡಾಲರಿನಿಂದ ರೂಪಾಯಿಗೆ ಬದಲಾಯಿಸುವಾಗ ಬ್ಯಾಂಕು ತನ್ನ ಪಾಲನ್ನೂ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಒಂದೊಂದೇ ಹಾಡು ಕೊಳ್ಳುವ ಬದಲು ಆಲ್ಬಮ್ ಕೊಳ್ಳುವುದು ಮೇಲು. ವಿದೇಶದಿಂದ ವಿನೈಲ್ ತರಿಸುವ ಆಸೆಯನ್ನು ಮಾತ್ರ ಬಿಡಿ. ಎಷ್ಟೋ ಸಲ ಅಂಚೆಯ ಖರ್ಚೇ ತಟ್ಟೆಯ ಬೆಲೆಯನ್ನು ಮೀರುತ್ತದೆ. ಟೀಶರ್ಟು, ಸಿಡಿಗಳನ್ನು ಉತ್ಸವದ ಮಳಿಗೆಯಲ್ಲಿ ಬ್ಯಾಂಡ್‌ನವರ ಕೈಯಿಂದಲೇ ಕೊಳ್ಳಿ.

ತಾಣದ ಒಡೆತನ ಎರಡು ಸಲ ಕೈಬದಲಾಗಿದೆ ಎಂಬುದನ್ನು ಬಹುಕಾಲದ ಬಳಕೆದಾರರು ಮರೆಯಬಾರದು. 2022ರಲ್ಲಿ ವಿಡಿಯೊ ಗೇಮ್ ಕಂಪನಿ ಎಪಿಕ್ ಗೇಮ್ಸ್ ಇದನ್ನು ಕೊಂಡಿತು. 2023ರಲ್ಲಿ ಸಂಗೀತದ ಪರವಾನಗಿ ವ್ಯವಹಾರ ಮಾಡುವ ಸಾಂಗ್‌ಟ್ರೇಡರ್ ಕಂಪನಿಗೆ ಮಾರಿತು, ಆಗ ಸಿಬ್ಬಂದಿಯಲ್ಲಿ ಸುಮಾರು ಅರ್ಧದಷ್ಟು ಜನ ಕೆಲಸ ಕಳೆದುಕೊಂಡರು. ಅದರ ನಂತರವೂ ಬಳಕೆಯಲ್ಲಿ ನನಗೆ ದೊಡ್ಡ ವ್ಯತ್ಯಾಸ ಕಂಡಿಲ್ಲ. ಆದರೂ ಕೊಂಡದ್ದನ್ನೆಲ್ಲ ತಾಣದ ಭರವಸೆಯ ಮೇಲೆ ಅಲ್ಲೇ ಬಿಡದೆ, ಹಾರ್ಡ್ ಡಿಸ್ಕಿಗೆ ಇಳಿಸಿಟ್ಟುಕೊಳ್ಳುವ ಅಭ್ಯಾಸವನ್ನು ಆಗಿನಿಂದ ಇನ್ನಷ್ಟು ಬಿಗಿ ಮಾಡಿದ್ದೇನೆ.

ದಿನವಿಡೀ ಸಿನಿಮಾ ಹಾಡು ಕೇಳುವವರು ಇದಕ್ಕೆ ಬರಬೇಕಾಗಿಲ್ಲ. ಅವರಿಗೆ ಬೇಕಾದದ್ದು ಇಲ್ಲಿ ಇಲ್ಲವೇ ಇಲ್ಲ. ಮುಂದಿನ ಚಳಿಗಾಲಕ್ಕೆ ಪುಣೆಗೋ ಬೆಂಗಳೂರಿಗೋ ಉತ್ಸವಕ್ಕೆ ಹೋಗುವ ಯೋಚನೆ ಇರುವವರು ಈಗಲೇ ಖಾತೆ ತೆರೆದು, ಮೆಚ್ಚಿದ ಬ್ಯಾಂಡ್‌ಗಳನ್ನು ಹಿಂಬಾಲಿಸಲಿ. ಹೊಸ ಆಲ್ಬಮ್ ಬಂದಾಗ ಇಮೇಲ್ ತಾನಾಗಿ ಬರುತ್ತದೆ. ಕೊಳ್ಳುವುದಿದ್ದರೆ ಬ್ಯಾಂಡ್‌ಕ್ಯಾಂಪ್ ಫ್ರೈಡೇ ಎಂದು ಘೋಷಿಸುವ ಶುಕ್ರವಾರಗಳಿಗಾಗಿ ಕಾಯಿರಿ. ಕೋವಿಡ್‌ನಿಂದ ವೇದಿಕೆಗಳೆಲ್ಲ ಮುಚ್ಚಿದ್ದಾಗ, 2020ರ ಮಾರ್ಚ್ 20ರಂದು ಮೊದಲ ಬಾರಿ ತಾಣ ತನ್ನ ಪಾಲನ್ನು ಬಿಟ್ಟುಕೊಟ್ಟಿತು. ಅದು ಈಗಲೂ ವರ್ಷಕ್ಕೆ ಕೆಲವು ಸಲ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ಗಡಿಯಾರದಂತೆ ಎಣಿಸುವುದರಿಂದ ನಮ್ಮಲ್ಲಿ ಅದು ಶುಕ್ರವಾರ ಮಧ್ಯಾಹ್ನ 12.30ಕ್ಕೆ, ಅಲ್ಲಿನ ಚಳಿಗಾಲದ ವೇಳೆಯಾದರೆ 1.30ಕ್ಕೆ ಆರಂಭವಾಗಿ ಶನಿವಾರ ಅದೇ ಹೊತ್ತಿಗೆ ಮುಗಿಯುತ್ತದೆ. ಶುಕ್ರವಾರ ಬೆಳಿಗ್ಗೆಯೇ ಕೊಂಡುಬಿಟ್ಟರೆ ತಾಣದ ಪಾಲು ಎಂದಿನಂತೆ ಕಡಿತವಾಗುತ್ತದೆ.